ಮೀಸಲಾತಿ ಇದ್ದಿದ್ದು ಬರೀ 10 ವರ್ಷಕ್ಕಾ? ಸತ್ಯಾಂಶ
ಮೀಸಲಾತಿ, ಒಳಮೀಸಲಾತಿ ಅಂತ ಜನ ಬೀದಿಗಿಳಿದಾಗೆಲ್ಲ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜ್ ಬಂದೇ ಬರುತ್ತೆ, ಸಂವಿಧಾನದಲ್ಲಿ ಮೀಸಲಾತಿ ಕೊಟ್ಟಿದ್ದೇ 10 ವರ್ಷಕ್ಕೆ ಅಂತ.

ಇದು ತಪ್ಪು. ಆ 10 ವರ್ಷದ ಗಡುವು ಇದ್ದಿದ್ದು 334ನೇ ವಿಧಿಯಲ್ಲಿ, ಅದು ಲೋಕಸಭೆ ವಿಧಾನಸಭೆ ಸೀಟುಗಳಿಗೆ ಸಂಬಂಧಪಟ್ಟಿದ್ದು, ಅದನ್ನ ತಿದ್ದುಪಡಿ ಮಾಡ್ತಾ ಮಾಡ್ತಾ ಈಗ 80 ವರ್ಷ ಆಗಿದೆ, ಅಂದ್ರೆ 2030ರ ಜನವರಿವರೆಗೆ. ಸರ್ಕಾರಿ ಕೆಲಸದ ಮೀಸಲಾತಿ ಬರೋದು 16(4)ರಲ್ಲಿ, ಕಾಲೇಜು ಸೀಟಿಂದು 1951ರ ಮೊದಲನೇ ತಿದ್ದುಪಡಿಯಲ್ಲಿ ಸೇರಿದ 15(4)ರಲ್ಲಿ. ಇವೆರಡರಲ್ಲೂ ವರ್ಷದ ಲೆಕ್ಕನೇ ಇಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಂತೂ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕು ಅಂತ 1918ರಲ್ಲೇ ಮಿಲ್ಲರ್ ಸಮಿತಿ ಮಾಡಿದ್ರು, ಸಂವಿಧಾನ ಬರೋಕೆ ಎಷ್ಟೋ ಮುಂಚೆ.

ಕಳಿಸಿದವರ ಮೇಲೆ ಸಿಟ್ಟಾಗಬೇಡಿ, 10 ವರ್ಷ ಅನ್ನೋ ಮಾತು ಸಂವಿಧಾನದಲ್ಲಿ ಇತ್ತಲ್ಲ, ಅದಕ್ಕೇ ನಂಬೋ ಹಾಗಿರುತ್ತೆ. ಚೆಕ್ ಮಾಡೋದು ಸುಲಭ. ಕೇಂದ್ರ ಸರ್ಕಾರದ ವೆಬ್‌ಸೈಟಲ್ಲಿ ಸಂವಿಧಾನದ ಪಿಡಿಎಫ್ ಫ್ರೀಯಾಗಿ ಸಿಗುತ್ತೆ, 334 ತೆಗೆದು ಮೊದಲು ಶೀರ್ಷಿಕೆ ಓದಿ, ಆಮೇಲೆ ಪುಟದ ಕೆಳಗೆ ಸಣ್ಣಕ್ಷರದಲ್ಲಿರೋ ಅಡಿಟಿಪ್ಪಣಿ ನೋಡಿ, ಯಾವ ತಿದ್ದುಪಡಿಯಿಂದ ಪದ ಬದಲಾಯ್ತು ಅಂತ ಅಲ್ಲೇ ಇರುತ್ತೆ. ಹಂಗೇ 16(4)ನೂ ಓದಿ, ಒಂದೇ ವಾಕ್ಯ ಅದು. ಇನ್ನೊಂದ್ಸಲ ಇಂಥ ಮೆಸೇಜ್ ಬಂದ್ರೆ ಯಾವ ವಿಧಿ ಅಂತ ಸಮಾಧಾನವಾಗಿ ಕೇಳಿ.