ಸಭೆಯ ಮೈಕೋ, ಮಿಕ್ಸರಿನ ತಂತಿಯೋ?

ಪ್ರಶ್ನೆ: ಅಮೆರಿಕದ ರಾಕ್ ಬ್ಯಾಂಡು ಗ್ರೇಟ್‌ಫುಲ್ ಡೆಡ್‌ನ ಕಛೇರಿಗಳನ್ನು ಇವತ್ತು ಕೇಳುವವರಿಗೆ, ಸಭಿಕರು ತಾವೇ ಮೈಕಿಟ್ಟು ಮಾಡಿಕೊಂಡ ಟೇಪು, ಮಿಕ್ಸರಿನಿಂದ ನೇರ ತಂತಿ ಎಳೆದು ಮಾಡಿದ ಸೌಂಡ್‌ಬೋರ್ಡ್ ಟೇಪಿಗಿಂತ ಮೇಲೇ?

ಪರ: ಕಛೇರಿ ನಡೆದದ್ದು ಸಭೆಯ ನಡುವೆ

ವರ್ಜೀನಿಯಾದ ಹ್ಯಾಂಪ್ಟನ್ ಕಲಿಸಿಯಂ, 1989ರ ಅಕ್ಟೋಬರ್ 9. ಡೆಡ್ ಬರುತ್ತಿದೆ ಎಂದು ಸುದ್ದಿಯಾದರೆ ಟಿಕೆಟ್ ಇಲ್ಲದವರೂ ಗುಂಪುಗುಂಪಾಗಿ ಬಂದು ಹೊರಗೆ ಬೀಡುಬಿಡುತ್ತಿದ್ದ ಕಾಲ ಅದು. ಅದಕ್ಕೇ ಬ್ಯಾಂಡು ತನ್ನ ಹೆಸರನ್ನು ಹಾಕಿಕೊಳ್ಳದೆ, ‘ಹಿಂದೆ ವಾರ್ಲಾಕ್ಸ್ ಆಗಿದ್ದವರು’ ಎಂದು ಸಾರಿಕೊಂಡು ಅಲ್ಲಿ ಎರಡು ರಾತ್ರಿ ನುಡಿಸಿತು. ಎರಡನೆಯ ರಾತ್ರಿ, ಎರಡನೆಯ ಸೆಟ್ಟಿನಲ್ಲಿ, ‘ಡಾರ್ಕ್ ಸ್ಟಾರ್’ ಹಾಡು ಶುರುವಾಗುವ ಆ ನಾಲ್ಕಾರು ಸ್ವರಗಳು ಬರುತ್ತವೆ. 1984ರ ಜುಲೈ ಆದ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲ.

ಈ ಗಳಿಗೆಯನ್ನು ನಾನು ಎರಡೂ ಬಗೆಯ ಟೇಪಿನಲ್ಲಿ ಕೇಳಿದ್ದೇನೆ. ಸೌಂಡ್‌ಬೋರ್ಡಿನಲ್ಲಿ ಸ್ವರಗಳು ತೊಳೆದಿಟ್ಟ ಹಾಗೆ ಸ್ವಚ್ಛ. ಜನರ ಕೂಗು ಹಾಡುಗಾರರ ಮೈಕಿನೊಳಗೆ ನುಸುಳಿ, ಪಕ್ಕದ ಬೀದಿಯಲ್ಲಿ ಯಾವುದೋ ಮೆರವಣಿಗೆ ಹೋದಂತೆ ಕೇಳಿಸುತ್ತದೆ. ಸಭಿಕರ ಟೇಪಿನಲ್ಲಿ ಹಾಗಲ್ಲ. ಮೊದಲ ಸ್ವರಕ್ಕೇ ಯಾರಿಗೋ ಗೊತ್ತಾಗಿಬಿಟ್ಟಿದೆ, ಅವನೊಬ್ಬನೇ ಚೀರುತ್ತಾನೆ. ಪಕ್ಕದವರಿಗೆ ಇನ್ನೂ ನಂಬಿಕೆ ಇಲ್ಲ. ಮತ್ತೆ ಎರಡು ಸ್ವರ. ಆಮೇಲೆ ಆ ಕೂಗು ಮುಂದಿನ ಸಾಲುಗಳಿಂದ ಹಿಂದಕ್ಕೆ ಅಲೆಯ ಹಾಗೆ ಹಬ್ಬಿ, ಮೈಕಿನ ಮೇಲೆ ಬಿದ್ದು, ಒಂದಷ್ಟು ಹೊತ್ತು ಗಿಟಾರನ್ನೇ ನುಂಗಿಬಿಡುತ್ತದೆ. ಐದು ವರ್ಷ ಕಾದವರ ಸದ್ದು ಅದು. ಅದು ಸಂಗೀತಕ್ಕೆ ಅಡ್ಡಿ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಡೆಡ್‌ನ ಸಂಗೀತ ಬರೆದಿಟ್ಟುಕೊಂಡು ಒಪ್ಪಿಸುವಂಥದ್ದಲ್ಲ. 1965ರಿಂದ 1995ರವರೆಗೆ ಸುಮಾರು 2,300 ಕಛೇರಿ ಮಾಡಿದರು. ಯಾವ ರಾತ್ರಿ ಯಾವ ಹಾಡು, ಒಂದು ಹಾಡಿನಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಹೋಗುವುದು ಎಂಬುದು ವೇದಿಕೆಯ ಮೇಲೆ ಅಲ್ಲಲ್ಲೇ ತೀರ್ಮಾನವಾಗುತ್ತಿತ್ತು. ಎದುರಿಗೆ ಕೂತವರ, ಕುಣಿದವರ ಹುರುಪು ಆ ತೀರ್ಮಾನದಲ್ಲಿ ಪಾಲುದಾರ. ಬ್ಯಾಂಡಿನ ಗಿಟಾರ್ ವಾದಕ, ಹಾಡುಗಾರ ಜೆರ್ರಿ ಗಾರ್ಸಿಯಾ 1986ರಲ್ಲಿ ಸಕ್ಕರೆ ಕಾಯಿಲೆಯಿಂದ ಪ್ರಜ್ಞೆ ತಪ್ಪಿ, ಸಾವಿನ ಬಾಗಿಲಿಗೆ ಹೋಗಿ ಬಂದರು. ಬೆರಳಿಗೆ ಗಿಟಾರನ್ನು ಮತ್ತೆ ಮೊದಲಿನಿಂದ ಕಲಿಸಬೇಕಾಯಿತು. ಡಿಸೆಂಬರ್ 15ಕ್ಕೆ ಓಕ್‌ಲ್ಯಾಂಡಿನಲ್ಲಿ ಮರಳಿ ವೇದಿಕೆ ಹತ್ತಿದಾಗ ಅವರು ಎತ್ತಿಕೊಂಡ ಮೊದಲ ಹಾಡು ‘ಟಚ್ ಆಫ್ ಗ್ರೇ’. ತಾನು ಬದುಕಿ ಉಳಿಯುತ್ತೇನೆ ಎನ್ನುವ ಸಾಲು ಆ ಹಾಡಿನ ಪಲ್ಲವಿಯಲ್ಲೇ ಇದೆ. ಆ ಸಾಲು ಬಂದಾಗ ಜನ ಏನು ಮಾಡಿದರು ಎಂದು ತಿಳಿಯದವನಿಗೆ ಆ ರಾತ್ರಿಯ ಅರ್ಧ ಗೊತ್ತಾಗಿಲ್ಲ.

ಇನ್ನು ಮಿಕ್ಸರಿನ ತಂತಿಯೇ ಪ್ರಾಮಾಣಿಕ ಎಂಬ ನಂಬಿಕೆ. ಸೌಂಡ್‌ಬೋರ್ಡಿನ ಮಿಶ್ರಣ ಹೆಚ್ಚಿನಂಶ ಸಭಾಂಗಣದ ಸ್ಪೀಕರುಗಳಿಗಾಗಿ ಆದದ್ದು. ಚಿಕ್ಕ ಜಾಗದಲ್ಲಿ ಗಿಟಾರಿನ ಆಂಪ್ಲಿಫಯರೇ ಎಲ್ಲರ ಕಿವಿ ತುಂಬುವಷ್ಟು ಜೋರಾಗಿರುತ್ತದೆ. ಆದ್ದರಿಂದ ಎಂಜಿನಿಯರ್ ಅದನ್ನು ಮಿಶ್ರಣದಲ್ಲಿ ಕಡಿಮೆ ಮಾಡಿ, ಹಾಡಿನ ದನಿಯನ್ನು ಏರಿಸುತ್ತಾನೆ. ಸಭೆಯಲ್ಲಿ ಎಲ್ಲ ಹದವಾಗಿ ಕೇಳಿರುತ್ತದೆ. ತಂತಿಯಿಂದ ಬಂದ ಟೇಪಿನಲ್ಲಿ ಮಾತ್ರ ಕಿವಿಗೆ ಬಡಿಯುವ ಕಂಠ, ಎಲ್ಲೋ ಮೂಲೆಯಲ್ಲಿ ಗಿಟಾರು. ಅಂಥ ಟೇಪು ಆ ರಾತ್ರಿ ಯಾರೂ ಕೇಳದ ಕಛೇರಿಯನ್ನು ಕೇಳಿಸುತ್ತದೆ. 1974ರ ‘ವಾಲ್ ಆಫ್ ಸೌಂಡ್’ ನೋಡಿ. ಬ್ಯಾಂಡಿನ ಬೆನ್ನ ಹಿಂದೆ ಆರುನೂರರ ಆಸುಪಾಸು ಸ್ಪೀಕರುಗಳ ಗೋಡೆ. ಒಂದೊಂದು ವಾದ್ಯಕ್ಕೆ ತನ್ನದೇ ಕಂಬಗಳು, ಫಿಲ್ ಲೆಶ್‌ರ ಬಾಸ್ ಗಿಟಾರಿನ ತಂತಿತಂತಿಗೂ ಬೇರೆ ಕಂಬ. ವಾದ್ಯಗಳ ದನಿಗಳೆಲ್ಲ ಒಂದಾಗುತ್ತಿದ್ದದ್ದು ಗಾಳಿಯಲ್ಲಿ. ಆ ಗಾಳಿಯಲ್ಲಿ ಮೈಕು ಹಿಡಿದವನಿಗಲ್ಲದೆ ಇನ್ಯಾರಿಗೆ ಅದು ಸಿಕ್ಕೀತು?

ಸಭೆಯಲ್ಲಿ ಕೂತು ಟೇಪು ಮಾಡುವ ಟೇಪರ್‌ಗಳ ಕಸುಬಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎಪ್ಪತ್ತರ ದಶಕದಲ್ಲಿ ಯಂತ್ರವನ್ನು ಕದ್ದುಮುಚ್ಚಿ ಒಳಗೆ ಒಯ್ದವರು ಇವರು. ಎಂಬತ್ತರ ಹೊತ್ತಿಗೆ ಎತ್ತರದ ಕೋಲಿನ ತುದಿಗೆ ನಾಕಮಿಚಿ ಮೈಕು, ಕಾಲ ಬಳಿ ಸೋನಿ ಕ್ಯಾಸೆಟ್ ಡೆಕ್ಕು. ಹಾಡಿನ ನಡುವೆ ಟೇಪು ತೀರಿಹೋಗದಂತೆ, ನುಡಿಸುವವರು ಶ್ರುತಿ ಸರಿಮಾಡಿಕೊಳ್ಳುವ ಅರೆನಿಮಿಷದಲ್ಲಿ ಕ್ಯಾಸೆಟ್ ಮಗುಚಿ ಹಾಕಬೇಕು. ಮೈಕಿನ ಕೆಳಗೆ ನಿಂತು ತಾವು ಮೂರು ಗಂಟೆ ಚಪ್ಪಾಳೆಯನ್ನೂ ತಟ್ಟದೆ, ಕೂಗದೆ ಇರಬೇಕು. 1984ರ ಅಕ್ಟೋಬರಿನಲ್ಲಿ, ಬರ್ಕ್ಲಿಯ ಕಛೇರಿಯಿಂದ ಶುರುಮಾಡಿ, ಬ್ಯಾಂಡು ಇವರಿಗೆಂದೇ ಬೇರೆ ಟಿಕೆಟ್, ಬೇರೆ ಜಾಗ ಕೊಟ್ಟಿತು. ಪ್ರತಿ ಮಾಡಿ ಕೊಡಲು ಇವರು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಖಾಲಿ ಕ್ಯಾಸೆಟ್ಟು, ಅಂಚೆ ಖರ್ಚು ಕಳಿಸಿದರೆ ಆಯಿತು.

ನನ್ನ ಕೈಗೆ ಡೆಡ್ ಬಂದದ್ದೂ ಹಾಗೆಯೇ. ಅಮೆರಿಕದಲ್ಲಿ ಓದಲು ಹೋಗಿದ್ದ ಸೋದರಮಾವ ರಜೆಗೆ ಬಂದಾಗ ತಂದ ಒಂದು ಮ್ಯಾಕ್ಸೆಲ್ ಕ್ಯಾಸೆಟ್. ಹೊದಿಕೆಯ ಮೇಲೆ ನೀಲಿ ಪೆನ್ನಿನಲ್ಲಿ ತಾರೀಕು, ಊರು, ಹಾಡುಗಳ ಹೆಸರು. ಕೆಲವು ಹೆಸರುಗಳ ನಡುವೆ ಬಾಣದ ಗುರುತು. ‘ಬಾಣ ಇದ್ದರೆ ಎಲ್ಲಿಯೂ ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ಹೋದರು ಅಂತ ಅರ್ಥ ಕಣೇ’ ಎಂದು ಮಾವ ಹೇಳಿಕೊಟ್ಟಿದ್ದು ನೆನಪಿದೆ. ಅದು ಸಭಿಕರ ಟೇಪು. ಒಂದು ಕಡೆ ಯಾರೋ ಪಕ್ಕದವನಿಗೆ ನೀರು ಬೇಕಾ ಎಂದು ಕೇಳುತ್ತಾರೆ. ನಮ್ಮ ಮನೆಯ ನಡುಮನೆಯಲ್ಲಿ ಕೂತು ನಾನು ಆ ದನಿಯನ್ನು ಎಷ್ಟು ಸಲ ಕೇಳಿದೆನೋ. ಆ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು ಅದೇ.

2005ರ ನವೆಂಬರಿನಲ್ಲಿ ನಡೆದದ್ದನ್ನೂ ಮರೆಯಬಾರದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಎಲ್ಲರೂ ಇಳಿಸಿಕೊಳ್ಳಬಹುದಾಗಿದ್ದ ಡೆಡ್ ಟೇಪುಗಳನ್ನು ಇದ್ದಕ್ಕಿದ್ದಂತೆ ತೆಗೆದರು. ಅಭಿಮಾನಿಗಳು ಸಿಟ್ಟಿಗೆದ್ದರು. ಕೆಲವೇ ದಿನಗಳಲ್ಲಿ ಸಭಿಕರ ಟೇಪುಗಳು ಮೊದಲಿನ ಹಾಗೆಯೇ ಮರಳಿದವು. ಸೌಂಡ್‌ಬೋರ್ಡುಗಳನ್ನು ಅಲ್ಲೇ ಕೇಳಬಹುದಷ್ಟೇ, ಮನೆಗೆ ಒಯ್ಯುವ ಹಾಗಿಲ್ಲ ಎಂದಾಯಿತು. ತಂತಿಯದಕ್ಕೆ ಒಡೆಯರಿದ್ದಾರೆ. ಸಭೆಯಲ್ಲಿ ಹಿಡಿದದ್ದು ಇವತ್ತಿಗೂ ಕೇಳುಗರದ್ದೇ.

ವಿರೋಧ: ನುಡಿಸಿದ್ದು ಕೇಳಿಸಬೇಕು

ಹ್ಯಾಂಪ್ಟನ್ನಿನ ಆ ಕೂಗಿಗೆ ನನ್ನ ಮೈಯೂ ಜುಮ್ಮೆನ್ನುತ್ತದೆ. ಆದರೆ ಕೂಗು ಅಡಗಿದ ಮೇಲೆ ಬಹಳ ಹೊತ್ತು ಸಂಗೀತ ಇದೆಯಲ್ಲ, ಅದರ ಗತಿ ಏನು? ಗಾರ್ಸಿಯಾ ಆ ವರ್ಷ ಗಿಟಾರಿಗೆ ಮಿಡಿ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಜೋಡಿಸಿಕೊಂಡು ಅದರಿಂದ ಕೊಳಲಿನ, ತುತ್ತೂರಿಯ ದನಿ ಹೊರಡಿಸುತ್ತಿದ್ದರು. ಬ್ರೆಂಟ್ ಮಿಡ್‌ಲ್ಯಾಂಡ್ ಕೀಬೋರ್ಡಿನಲ್ಲಿ ಅದಕ್ಕೆ ಪಿಸುಗುಟ್ಟಿದಂತೆ ಉತ್ತರ ಕೊಡುತ್ತಾರೆ. ಈ ಮಾತುಕತೆ ಸಭಿಕರ ಟೇಪಿನಲ್ಲಿ ಬಹುಪಾಲು ಮಂಜಿನೊಳಗೆ ಹೋಗುತ್ತದೆ. ನನಗೆ ಡೆಡ್ ಎಂದರೆ ಆ ಮಾತುಕತೆ.

ನಾನು ಚಿಕ್ಕಂದಿನಲ್ಲಿ ಆರು ವರ್ಷ ಮೃದಂಗ ಕಲಿತವನು, ಕೇಳುವುದೂ ಆ ಕಿವಿಯಿಂದಲೇ. ಡೆಡ್‌ನ ಇಬ್ಬರು ಡ್ರಮ್ಮರ್‌ಗಳಲ್ಲಿ ಮಿಕಿ ಹಾರ್ಟ್ ತಬಲಾದ ಅಲ್ಲಾ ರಖಾ ಅವರ ಲೆಕ್ಕಾಚಾರಕ್ಕೆ ಮನಸೋತವರು. ಜಾಕಿರ್ ಹುಸೇನ್ ಅವರೊಡನೆ 1976ರಲ್ಲಿ ‘ದಿಗಾ’ ತಾಳವಾದ್ಯ ತಂಡದ ಆಲ್ಬಂ ಮಾಡಿದರು. 1991ರ ‘ಪ್ಲಾನೆಟ್ ಡ್ರಮ್’ನಲ್ಲಿ ಘಟದ ವಿಕ್ಕು ವಿನಾಯಕರಾಂ ಅವರೂ ಜೊತೆಗಿದ್ದರು. ಆ ಒಲವಿನ ಮೊದಮೊದಲ ಫಲ ‘ದಿ ಇಲೆವೆನ್’ ಎಂಬ ಹಾಡು. ಹೆಸರೇ ಹೇಳುವಂತೆ ಹನ್ನೊಂದರ ಲೆಕ್ಕ. 1969ರ ‘ಲೈವ್/ಡೆಡ್’ ಆಲ್ಬಂನಲ್ಲಿ ಅದನ್ನು ಹಾಕಿಕೊಂಡು ತೊಡೆಯ ಮೇಲೆ ಮೂರು, ಮೂರು, ಮೂರು, ಎರಡು ಎಂದು ತಟ್ಟಿ ನೋಡಿ. ಇಬ್ಬರಲ್ಲಿ ಒಬ್ಬರು ಲೆಕ್ಕ ಹಿಡಿದಿರುವಾಗ ಇನ್ನೊಬ್ಬರು ಅದರ ಮೇಲೆ ಹಾಯಾಗಿ ಓಡಾಡುತ್ತಾರೆ, ಲೆಶ್‌ರ ಬಾಸ್ ಸಮಕ್ಕೆ ಮೊದಲೇ ಬಂದು ಕಾದಂತೆ ಮಾಡಿ ತಪ್ಪಿಸಿಕೊಳ್ಳುತ್ತದೆ. ಇದು ಗೊತ್ತಾಗುವುದು ಆ ಮುದ್ರಣವನ್ನು 16 ಟ್ರ್ಯಾಕಿನಲ್ಲಿ, ವಾದ್ಯಕ್ಕೊಂದು ಮೈಕಿಟ್ಟು ಮಾಡಿದ್ದರಿಂದ. ಅದೇ ಕಾಲದ ಸಭಿಕರ ಟೇಪುಗಳಲ್ಲಿ ಡ್ರಮ್ಮುಗಳೆರಡೂ ಕಲಸಿಹೋಗಿ ತಗಡಿನ ಮೇಲೆ ಮಳೆ ಸುರಿದ ಹಾಗೆ ಕೇಳುತ್ತವೆ. ಲೆಕ್ಕ ಸಿಗದಿದ್ದರೆ ಆ ರಚನೆಯಲ್ಲಿ ಏನು ನಡೆಯಿತು ಎಂದೇ ತಿಳಿಯುವುದಿಲ್ಲ.

ಸೌಂಡ್‌ಬೋರ್ಡಿನ ಮಿಶ್ರಣ ಸ್ಪೀಕರುಗಳಿಗಾಗಿ ಆದದ್ದು ಎನ್ನುವ ಆಕ್ಷೇಪ ಕೆಲವು ಟೇಪುಗಳ ಮಟ್ಟಿಗೆ ಖಂಡಿತ ನಿಜ. ಆದರೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರನ್ನು ಬಿಟ್ಟು ಈ ಮಾತು ಆಡುವಂತಿಲ್ಲ. ಸ್ಪೀಕರಿಗೆ ಹೋಗುವುದನ್ನು ನಂಬಿ ಕೂರದೆ, ಮೈಕುಗಳ ದನಿಯನ್ನು ಬೇರೆಯಾಗಿ ಪಡೆದು, ಟೇಪಿಗೆಂದೇ ತಾವು ಆ ಕ್ಷಣದಲ್ಲೇ ಎರಡು ಟ್ರ್ಯಾಕಿಗೆ ಹದ ಮಾಡುತ್ತಿದ್ದವರು ಆಕೆ. ತಪ್ಪಾದರೆ ತಿದ್ದಲು ಆಮೇಲೆ ಅವಕಾಶವಿಲ್ಲ. ಅವರೂ ಒಂದು ರೀತಿಯಲ್ಲಿ ಬ್ಯಾಂಡಿನೊಂದಿಗೆ ನುಡಿಸುತ್ತಿದ್ದರು ಎನ್ನಬೇಕು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ಅವರು ಹಿಡಿದದ್ದನ್ನು ಅಭಿಮಾನಿಗಳು ಈಗಲೂ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಿಡಬೇಕಾದ ರಾಷ್ಟ್ರೀಯ ಧ್ವನಿಮುದ್ರಣಗಳ 2011ರ ಪಟ್ಟಿಗೆ ಸೇರಿಸಿತು.

ಬಾರ್ಟನ್ ಹಾಲ್ ಸಂಗೀತಕ್ಕೆ ಕಟ್ಟಿದ ಜಾಗವೇ ಅಲ್ಲ. ಎತ್ತರದ ಸೂರಿನ ದೊಡ್ಡ ಕ್ರೀಡಾ ಶೆಡ್ಡು ಅದು. ಆ ರಾತ್ರಿಯ ಸಭಿಕರ ಟೇಪೂ ಇದೆ, ಮಾಡಿದವರ ಶ್ರದ್ಧೆಗೆ ಕೈ ಮುಗಿಯುತ್ತೇನೆ. ಆದರೆ ‘ಸ್ಕಾರ್ಲೆಟ್ ಬಿಗೋನಿಯಾಸ್’ ಕರಗಿ ‘ಫೈರ್ ಆನ್ ದ ಮೌಂಟನ್’ ಆಗುವ ಜಾಗವನ್ನು ಎರಡರಲ್ಲೂ ಕೇಳಿ. ಬೆಟ್ಟಿಯವರ ಟೇಪಿನಲ್ಲಿ ಲೆಶ್ ಆ ಎರಡು ಸ್ವರದ ಎಳೆಯನ್ನು ಮೊದಲು ಹೂವಿನಷ್ಟು ಹಗುರವಾಗಿ ಇಡುತ್ತಾರೆ. ಉಳಿದವರು ಒಬ್ಬೊಬ್ಬರಾಗಿ ಅದನ್ನು ಕೇಳಿಸಿಕೊಂಡು, ತಮ್ಮ ತಮ್ಮದನ್ನು ಬಿಟ್ಟು, ಅದರ ಹಿಂದೆ ಬರುವುದು ಗೊತ್ತಾಗುತ್ತದೆ. ಕೀತ್ ಗಾಡ್‌ಶೋ ಅವರ ಪಿಯಾನೋ ಎಲ್ಲಿ ಮನಸ್ಸು ಬದಲಿಸಿತು ಎಂದು ಬೆರಳಿಟ್ಟು ತೋರಿಸಬಹುದು. ಅಂಥ ಹಾಲಿನ ಪ್ರತಿಧ್ವನಿಯಲ್ಲಿ ಇದೇ ಜಾಗ ಮಸುಕಾಗುತ್ತದೆ. ಬದಲಾಯಿತು ಎಂದು ತಿಳಿಯುತ್ತದೆ, ಹೇಗೆ ಬದಲಾಯಿತು ಎಂದು ತಿಳಿಯುವುದಿಲ್ಲ.

ಸಭಿಕರ ಟೇಪು ಇಡೀ ಸಭೆಯ ಅನುಭವ ಎನ್ನುವುದೂ ಪೂರ್ತಿ ಸರಿಯಲ್ಲ. ಅದು ಒಂದು ಕುರ್ಚಿಯ ಅನುಭವ. 1984ರಲ್ಲಿ ಟೇಪರ್‌ಗಳಿಗೆ ಕೊಟ್ಟ ಜಾಗವಾದರೂ ಯಾವುದು? ಮೈಕಿನ ಕೋಲುಗಳ ಕಾಡು ಮಿಕ್ಸರ್ ಕಟ್ಟೆಯ ಮುಂದೆ ಬೆಳೆದು, ಎಂಜಿನಿಯರಿಗೆ ವೇದಿಕೆಯೇ ಕಾಣದಂತಾಗಿತ್ತು. ಅದಕ್ಕೇ ಅವರನ್ನೆಲ್ಲ ಕಟ್ಟೆಯ ಹಿಂದಕ್ಕೆ ಕಳಿಸಿದರು. ಮುಂದಿನ ಸಾಲಿನವರು ಕೇಳಿದ್ದು ಆ ಟೇಪುಗಳಲ್ಲಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಪ್ರತಿಯ ಪ್ರತಿಯ ಪ್ರತಿ ಕೈಗೆ ಬರುವ ಹೊತ್ತಿಗೆ ಅದರ ಅರ್ಧದಷ್ಟು ಬರೀ ಸುಂಯ್‌ಗುಟ್ಟುವ ಸದ್ದು. ಮಾವನ ಕ್ಯಾಸೆಟ್ಟಿನ ನೆನಪು ನನಗೂ ಹಿಡಿಸಿತು. ಆದರೆ ಅದರಲ್ಲಿ ಅವರು ಪ್ರೀತಿಸುತ್ತಿರುವುದು ನಡುಮನೆಯನ್ನು, ಮಾವನನ್ನು. ಹೊಸದಾಗಿ ಕಿವಿಗೊಡುವವರಿಗೆ ಅದನ್ನು ಹೇಗೆ ಕೊಡುವುದು? ನಾನು ಇಬ್ಬರು ಸ್ನೇಹಿತರಿಗೆ ಸಭಿಕರ ಟೇಪು ಹಾಕಿ ಡೆಡ್ ಪರಿಚಯಿಸಲು ಹೋಗಿ, ಇಬ್ಬರನ್ನೂ ಹತ್ತು ನಿಮಿಷದಲ್ಲಿ ಕಳೆದುಕೊಂಡೆ. ಮೂರನೆಯವರಿಗೆ ಕಾರ್ನೆಲ್ ಹಾಕಿದೆ. ಆಕೆ ಈಗ ನನಗೇ ತಾರೀಕು ಹೇಳುತ್ತಾರೆ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಎರಡನ್ನೂ ಬೆರೆಸಿ ಮಾಡುವ ‘ಮ್ಯಾಟ್ರಿಕ್ಸ್’ ಟೇಪುಗಳಲ್ಲಿ ಕೆಲವು ಬಹಳ ಚೆನ್ನಾಗಿವೆ. ವೇದಿಕೆಯಿಂದ 34 ಮೀಟರ್ ದೂರದ ಮೈಕಿಗೆ ದನಿ ಮುಟ್ಟುವಾಗ ಸೆಕೆಂಡಿನ ಹತ್ತರಲ್ಲೊಂದು ಭಾಗ ಕಳೆದಿರುತ್ತದೆ. ಅಷ್ಟನ್ನು ಸರಿಸಿ, ಎರಡೂ ಯಂತ್ರಗಳ ವೇಗದ ಸಣ್ಣ ಏರುಪೇರನ್ನು ಹಾಡುಹಾಡಿಗೆ ಹೊಂದಿಸಿ ಕೂರಿಸುವವರ ತಾಳ್ಮೆ ದೊಡ್ಡದು. ಆದರೆ ಅಲ್ಲಿಯೂ ಬೆನ್ನೆಲುಬು ತಂತಿಯದೇ. ಸಭೆಯ ಮೈಕನ್ನು ಉಪ್ಪಿನ ಹಾಗೆ ಮೇಲೆ ಉದುರಿಸುತ್ತಾರೆ.

ಬೆಟ್ಟಿಯವರ ರೀಲುಗಳ ಕತೆ ನೆನೆದರೆ ನನಗೆ ಇವತ್ತೂ ಎದೆ ಭಾರವಾಗುತ್ತದೆ. ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ ಉಗ್ರಾಣದ ಬಾಡಿಗೆ ಕಟ್ಟಲಾಗಲಿಲ್ಲ. 1986ರಲ್ಲಿ ಅಲ್ಲಿದ್ದದ್ದು ಹರಾಜಾಯಿತು, ನೂರಾರು ರೀಲುಗಳು ಯಾರಯಾರದೋ ಪಾಲಾದವು. ಕೆಲವು ವರ್ಷಗಟ್ಟಲೆ ತೇವದಲ್ಲಿ ಬಿದ್ದು ಬೂಷ್ಟು ಹಿಡಿದವು. ಸಂಗೀತದ ಮೇಲಿನ ಪ್ರೀತಿಗೆ ಅವನ್ನು ಒರೆಸಿ, ಒಣಗಿಸಿ, ಉಳಿಸಿದವರು ಅಭಿಮಾನಿಗಳೇ. 2017ರ ಮೇ ತಿಂಗಳಲ್ಲಿ, ನಲವತ್ತು ವರ್ಷದ ಮೇಲೆ, ಕಾರ್ನೆಲ್ ಕೊನೆಗೂ ಅಧಿಕೃತವಾಗಿ ಹೊರಬಂತು. ಅವತ್ತು ರಾತ್ರಿ ನಾನು ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ‘ಮಾರ್ನಿಂಗ್ ಡ್ಯೂ’ವರೆಗೂ ಕೇಳಿದೆ. ಕೊನೆಯ ಏರಿಕೆಯಲ್ಲಿ ಗಾರ್ಸಿಯಾ ತಂತಿಯನ್ನು ಬಿಡದೆ ಮೀಟುತ್ತಾ ಹೋಗುವಾಗ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.