‘ಎಲ್ಲಿ ಹುಟ್ಟಿದ್ದು’ ಅಂತ ಕೇಳಿದರೆ ಸಾಲದು, ‘ಯಾವತ್ತು’ ಅಂತಲೂ ಕೇಳಿ

ಇವತ್ತು ಬೆಳಿಗ್ಗೆ ಮೈಸೂರಿನ ಹೋಟೆಲೊಂದರಲ್ಲಿ ಪಕ್ಕದ ಟೇಬಲ್ಲಿನವರ ಜಗಳ ಕಿವಿಗೆ ಬಿತ್ತು. ಬೈಲಕುಪ್ಪೆಯ ಟಿಬೆಟಿಯನ್ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು ಭಾರತದ ಪ್ರಜೆಗಳೋ ಅಲ್ಲವೋ ಅನ್ನೋದು ಜಗಳ. “ಬೈಲಕುಪ್ಪೆಯಲ್ಲಿ ಹುಟ್ಟಿದ ಮೇಲೆ ಅವರೂ ನಮ್ಮವರೇ ಅಲ್ವೇನ್ರೀ?” ಅಂತ ಒಬ್ಬರು. “ಅಪ್ಪ ಅಮ್ಮ ಟಿಬೆಟ್‌ನವರು, ಅದು ಹೆಂಗಾಗುತ್ತೆ?” ಅಂತ ಇನ್ನೊಬ್ಬರು. ಕಾಫಿ ಆರಿತೇ ಹೊರತು, ಹುಟ್ಟಿದ ತಾರೀಖಿನ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಈ ವಿಷಯದಲ್ಲಿ ನನಗೆ ಬೇಗ ಸಿಟ್ಟು ಬರುತ್ತೆ.

1955ರ ಪೌರತ್ವ ಕಾಯ್ದೆಯಲ್ಲಿ ತಾರೀಖಿಲ್ಲದೆ ಉತ್ತರವೇ ಇಲ್ಲ. 26 ಜನವರಿ 1950ರಿಂದ 30 ಜೂನ್ 1987ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟು, ಎಲ್ಲರೂ ಪ್ರಜೆಗಳೇ. ಅಪ್ಪ ಅಮ್ಮ ಯಾವ ದೇಶದವರು ಅನ್ನೋ ಪ್ರಶ್ನೆಯೇ ಇಲ್ಲ. 1 ಜುಲೈ 1987ರಿಂದ ಇಬ್ಬರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 3 ಡಿಸೆಂಬರ್ 2004ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು.

ಬೈಲಕುಪ್ಪೆಯ ಒಂದು ಮನೆ ಅಂದುಕೊಳ್ಳಿ. ತಂದೆ ತಾಯಿ ಇಬ್ಬರೂ ನಿರಾಶ್ರಿತರು. ಅಕ್ಕ ಹುಟ್ಟಿದ್ದು 1986ರಲ್ಲಿ, ತಮ್ಮ 1988ರಲ್ಲಿ. ಅಕ್ಕ ಹುಟ್ಟಿನಿಂದ ಭಾರತೀಯಳು. ಅದೇ ಮನೆಯ, ಅದೇ ಶಾಲೆಗೆ ಹೋದ ತಮ್ಮ ಹುಟ್ಟಿನಿಂದ ಭಾರತೀಯನಲ್ಲ, ವಿದೇಶಿಯರ ನೋಂದಣಿ ಪತ್ರ ನವೀಕರಿಸಿಕೊಳ್ಳುತ್ತಲೇ ಇರಬೇಕು. ಇದು ನನ್ನ ಅಭಿಪ್ರಾಯ ಅಲ್ಲ. 1950ರಿಂದ 1987ರ ಆ ಮೊದಲ ಅವಧಿಯಲ್ಲಿ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಪ್ರಜೆಗಳೇ ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲೇ ಹೇಳಿದೆ. ಅವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂತ ಚುನಾವಣಾ ಆಯೋಗ 2014ರಲ್ಲಿ ಸೂಚಿಸಿದೆ. ಹಾಗಿದ್ದೂ ಅಕ್ಕನನ್ನು ಹೊರಗಿನವಳು ಅನ್ನುವವರನ್ನು ಕಂಡರೆ ನನಗೆ ಸಂಕಟ ಆಗುತ್ತೆ.

“ಆಧಾರ್ ಇದೆಯಲ್ಲ, ಇನ್ನೇನು?” ಅಂತ ಕೇಳುವವರಿದ್ದಾರೆ. ಆಧಾರ್ ಕೊಡೋದು ಇಲ್ಲಿ ವಾಸ ಇರುವವರಿಗೆ. ಅದು ಪೌರತ್ವದ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯೇ ಹೇಳುತ್ತೆ.

ಇನ್ನು ಮಂಡ್ಯ ಕಡೆಯ ಅಜ್ಜ ಅಜ್ಜಿಯರ ಮಾತು. ಮೊಮ್ಮಗು ಅಮೆರಿಕದಲ್ಲಿ ಹುಟ್ಟಿತು, ಅಪ್ಪ ಅಮ್ಮ ನಮ್ಮವರು, ಹಾಗಾಗಿ ಮಗು ತಾನಾಗೇ ಭಾರತೀಯ ಅಂತ ತಿಳಿದಿರುತ್ತಾರೆ. ಇಲ್ಲೂ ಮೊದಲು ತಾರೀಖು ನೋಡಬೇಕು. 10 ಡಿಸೆಂಬರ್ 1992ಕ್ಕೆ ಮುಂಚೆ ಹೊರದೇಶದಲ್ಲಿ ಹುಟ್ಟಿದವರಿಗೆ ತಂದೆಯಿಂದ ಮಾತ್ರ ಪೌರತ್ವ ಬರುತ್ತಿತ್ತು. ತಾಯಿ ಭಾರತೀಯಳಾಗಿದ್ದರೂ ಲೆಕ್ಕಕ್ಕಿಲ್ಲ, ಎಂಥ ಅನ್ಯಾಯ ನೋಡಿ. ಆಮೇಲೆ ಇಬ್ಬರಲ್ಲಿ ಯಾರಿಂದಾದರೂ ಸರಿ ಅಂತಾಯಿತು. 3 ಡಿಸೆಂಬರ್ 2004ರಿಂದ ಈಚೆಗೆ ಹುಟ್ಟಿದ್ದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ತಗೊಂಡರೆ ಬಂದು ಹೋಗೋಕೆ ತೊಂದರೆ ಇಲ್ಲ. ಆದರೆ ಅದು ಪೌರತ್ವ ಅಲ್ಲ. ಓಟು ಹಾಕುವಂತಿಲ್ಲ, ಗದ್ದೆ ತೋಟ ಕೊಳ್ಳುವಂತಿಲ್ಲ. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಕರ್ನಾಟಕದ ಕಾನೂನು ಬದಲಾದ ಮೇಲೆ ಓಸಿಐನವರಿಗೂ ದಾರಿ ಆಯಿತು ಅಂತ ನಂಬಿ ಅಡ್ವಾನ್ಸ್ ಕೊಡುವವರಿದ್ದಾರೆ. ಆಗಿಲ್ಲ. ಅವರನ್ನು ತಡೆಯೋದು ಕೇಂದ್ರದ ವಿದೇಶಿ ವಿನಿಮಯ ಕಾನೂನು. ಅಜ್ಜನ ಗದ್ದೆ ವಾರಸುದಾರಿಕೆಯಲ್ಲಿ ಬಂದರೆ ಮಾತ್ರ ಅಡ್ಡಿಯಿಲ್ಲ.

2004ರ ನಂತರ ಇಲ್ಲೇ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಮಗುವಿನ ಪೌರತ್ವ ನಿಂತಿರೋದು ನಿಮ್ಮಿಬ್ಬರ ಮೇಲೆ, ಹಾಗಾಗಿ ತಾಯಿಯ ಹೆಸರೂ ಅಷ್ಟೇ ಮುಖ್ಯ. ಜನನ ಪತ್ರದಲ್ಲಿ ‘ಜಯಮ್ಮ’, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಜಯಲಕ್ಷ್ಮಿ’ ಅಂತಿದ್ದರೆ ಈಗಲೇ ಸರಿಪಡಿಸಿ. ಜನನ ನೋಂದಣಿ ಆಗೋದು ಹೆರಿಗೆ ಆದ ಊರಲ್ಲಿ. ಗಂಡನ ಮನೆ ಮದ್ದೂರಾಗಿದ್ದು, ತವರಿಗೆ ಹೋಗಿ ಹುಣಸೂರಿನಲ್ಲಿ ಹೆರಿಗೆ ಆಗಿದ್ದರೆ ಮದ್ದೂರಿನಲ್ಲಿ ಎಷ್ಟು ಹುಡುಕಿದರೂ ಸಿಗಲ್ಲ. ಆಸ್ಪತ್ರೆಯಿಂದ ಬರುವ ಮುಂಚೆ ಹೆಸರುಗಳ ಕಾಗುಣಿತ ನೋಡಿ. 21 ದಿನದೊಳಗೆ ನೋಂದಣಿ ಆದರೆ ಶುಲ್ಕ ಇಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು.