ತೆಗೆದರೂ ಹೋಗದ ಪ್ಯಾಕೇಜು

ಡೆಬಿಯನ್, ಉಬುಂಟು ಥರದ ಲಿನಕ್ಸ್‌ನಲ್ಲಿ ಪ್ರೋಗ್ರಾಂ ಹಾಕುವ, ತೆಗೆಯುವ ಸಾಧನ ಆಪ್ಟ್. ಅದರಲ್ಲಿ ಪ್ಯಾಕೇಜ್ (ಪ್ರೋಗ್ರಾಮಿನ ಕಟ್ಟು) ಹಾಕಲು ಒಂದು ಸಾಲು ಸಾಕು. ಪ್ರೋಗ್ರಾಂ ಓಡಲು ಬೇಕಾದ ಲೈಬ್ರರಿಗಳನ್ನೆಲ್ಲ (ಪೂರಕ ಕೋಡ್) ಅದೇ ಎಳೆದು ತರುತ್ತದೆ. ತೆಗೆಯುವಾಗ ಮಾತ್ರ ಜಾಣ ಮರೆವು! 'ರಿಮೂವ್' ಅಂದರೆ ಪ್ರೋಗ್ರಾಂ ಹೋಗುತ್ತದೆ, ಕಾನ್ಫಿಗ್ (ಸೆಟ್ಟಿಂಗ್ಸ್) ಫೈಲುಗಳು ಅಲ್ಲೇ ಕೂತಿರುತ್ತವೆ. ಅವೂ ಹೋಗಬೇಕಾದರೆ 'ಪರ್ಜ್' ಅನ್ನಬೇಕು. ಜೊತೆಗೆ ಬಂದ ಲೈಬ್ರರಿಗಳಿಗೆ 'ಆಟೋರಿಮೂವ್' ಬೇರೆ. ಎರಡನ್ನೂ ಒಟ್ಟಿಗೆ ಮಾಡುವ 'ಆಟೋಪರ್ಜ್' ಇದೆ, ಆದರೆ ಹೊತ್ತಿಗೆ ನೆನಪಾಗಬೇಕಲ್ವಾ? ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಸೆಟ್ಟಿಂಗ್ಸ್ ಫೈಲುಗಳನ್ನಂತೂ ಇವು ಯಾವುದೂ ಮುಟ್ಟುವುದಿಲ್ಲ. (ಅದು ಸರಿಯೇ ಅನ್ನಿ. ನನ್ನ ಡೇಟಾಗೆ ಕೈ ಹಾಕದಿದ್ದರೆ ಒಳ್ಳೆಯದೇ.)

ಆಪ್ಟ್‌ನ ಅಡಿಯಲ್ಲಿ ಕೆಲಸ ಮಾಡುವ ಡಿಪಿಕೆಜಿಯ ಪ್ಯಾಕೇಜ್ ಪಟ್ಟಿ ತೆರೆದರೆ ಎಡ ತುದಿಯಲ್ಲಿ ಸಾಲು ಸಾಲು 'ಆರ್‌ಸಿ'. ಪ್ಯಾಕೇಜ್ ಹೋಯಿತು, ಕಾನ್ಫಿಗ್ ಉಳಿಯಿತು ಅಂತ ಅರ್ಥ. ಯಾವತ್ತೋ ಸುಮ್ನೆ ಹಾಕಿ ನೋಡಿದ ಸರ್ವರುಗಳೆಲ್ಲ ಖಾಲಿ ಮಾಡಿ ಹೋದ ಬಾಡಿಗೆದಾರರ ಮೂಟೆಗಳ ಹಾಗೆ ಬಿದ್ದಿವೆ.

ಸರಿ, ಗುಡಿಸೋಣ ಅಂತ ಕೂತರೆ 'ಲಾಕ್ ಸಿಗಲಿಲ್ಲ' ಅನ್ನುತ್ತದೆ. ಇಬ್ಬರು ಒಟ್ಟಿಗೆ ಕೈ ಹಾಕದಿರಲಿ ಅಂತ ಹಾಕುವ ಬೀಗ ಅದು. ಹಿನ್ನೆಲೆಯಲ್ಲಿ ತಾನಾಗಿಯೇ ಅಪ್‌ಡೇಟ್ ನಡೆಯುತ್ತಿದೆಯಂತೆ. ಇಂಥ ಹೊತ್ತಲ್ಲಿ 'ಲಾಕ್ ಫೈಲನ್ನೇ ಅಳಿಸಿಬಿಡಿ' ಅನ್ನುವ ಪುಣ್ಯಾತ್ಮರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು. ಅರ್ಧಕ್ಕೆ ಕೆಟ್ಟು ನಿಂತ ಪ್ಯಾಕೇಜ್ ಡೇಟಾಬೇಸನ್ನು ಅವರೇನು ಬಂದು ಸರಿಮಾಡುತ್ತಾರಾ?